ರಂಗಸ್ಥಳವನ್ನು ದೊಡ್ಡದು ಮಾಡಬೇಡಿ

ನಮಸ್ಕಾರ, ಎಲ್ಲರಿಗೂ ಸ್ವಾಗತ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತಿದ್ದೆ. ಆದರೆ ಹೋದ ವಿಡಿಯೋ ಕೆಳಗೆ ಒಬ್ಬರು ಬರೆದದ್ದನ್ನು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. "ಯಕ್ಷಗಾನದವರಿಗೆ ಸ್ಟೇಜ್ ಬಳಸೋದೇ ಗೊತ್ತಿಲ್ಲ. ನಡುವಲ್ಲೇ ಗಾಣದೆತ್ತಿನ ಹಾಗೆ ಸುತ್ತುತ್ತಾರೆ. ಒಳ್ಳೆ ಕೊರಿಯೋಗ್ರಾಫರ್ ಹತ್ತಿರ ಹೋಗಿ ಕಲಿಯಲಿ." ಅದಕ್ಕೆ ಲೈಕ್ ಬೇರೆ ಬಿದ್ದಿವೆ.

ನಾನು ಹೇಳೋದು ಒಂದೇ ಮಾತು. ಯಕ್ಷಗಾನದ ಕುಣಿತಕ್ಕೆ ಆ ಸಣ್ಣ ಜಾಗವೇ ಬೇಕು. ಜಾಗ ದೊಡ್ಡದಾದರೆ ಕುಣಿತ ಸಣ್ಣದಾಗುತ್ತದೆ.

ಬಯಲಾಟದ ರಂಗಸ್ಥಳ ನೋಡಿದ್ದೀರಲ್ಲ? ನಾಲ್ಕು ಕಂಬ, ಮಾವಿನೆಲೆ ತೋರಣ. ಹಿಂದೆ ಪದ್ಯ ಹಾಡುವ ಭಾಗವತರು, ಮದ್ದಳೆ, ಪಕ್ಕದಲ್ಲಿ ಚಂಡೆ. ಮೂರು ಕಡೆ ಜನ. ನಡುವೆ ಒಂದು ರಥ. ರಥ ಅಂದರೆ ಕೂರುವ ಮರದ ಪೀಠ, ಅಷ್ಟೇ. ಧರ್ಮರಾಯ ಕೂತರೆ ಅದು ಸಿಂಹಾಸನ, ಅರ್ಜುನ ಹತ್ತಿದರೆ ತೇರು. ಸೀನರಿ ಇಲ್ಲ, ಗುಡ್ಡದ ಚಿತ್ರ ಇಲ್ಲ. ಹಾಗಾದರೆ ಕಾಡು ಎಲ್ಲಿದೆ, ಊರು ಎಲ್ಲಿದೆ, ಲಂಕೆ ಎಲ್ಲಿದೆ? ಎಲ್ಲ ಕುಣಿಯುವವನ ಕಾಲಲ್ಲಿದೆ.

ಪ್ರಯಾಣ ಕುಣಿತವನ್ನೇ ನೋಡಿ. ಸಂಧಾನಕ್ಕೆ ಅಂತ ಕೃಷ್ಣ ಪಾಂಡವರ ಹತ್ತಿರದಿಂದ ಹೊರಡುತ್ತಾನೆ. ಪದ್ಯ ಮುಗಿಯಿತು, ಚಂಡೆ ಏರಿತು. ಕೃಷ್ಣ ರಂಗಸ್ಥಳದ ಅಂಚು ಹಿಡಿದು ಒಂದು ಸುತ್ತು ಬಂದ, ತಿರುಗಿ ಇನ್ನೊಂದು ಸುತ್ತು ಬಂದ, ನಿಂತ. ಈಗ ಅವನು ನಿಂತಿರೋದು ಹಸ್ತಿನಾವತಿಯಲ್ಲಿ. ನೆಲ ಅದೇ, ಕಂಬ ಅದೇ. ಸ್ವಲ್ಪ ಮೊದಲು ಅಲ್ಲೇ ದ್ರೌಪದಿ ಅತ್ತಿದ್ದಳು. ಆದರೂ ಮುಂದೆ ಕೂತಿರುವ ಅಜ್ಜಿಗೆ ಒಂದಿಷ್ಟೂ ಗೊಂದಲ ಇಲ್ಲ. ಊರು ಬದಲಾಯಿತು ಅಂತ ಅವರಿಗೆ ಗೊತ್ತು. ಇದನ್ನು ಗಾಣದೆತ್ತು ಅಂದರೆ ಹೊಟ್ಟೆ ಉರಿಯಲ್ವಾ?

ಇದು ನಿನ್ನೆ ಮೊನ್ನೆ ಹುಟ್ಟಿದ ಉಪಾಯವೂ ಅಲ್ಲ. ನಾಟ್ಯಶಾಸ್ತ್ರದಲ್ಲಿ ಕಕ್ಷ್ಯಾವಿಭಾಗ ಅಂತ ಒಂದು ವಿಚಾರ ಬರುತ್ತದೆ. ರಂಗವನ್ನು ಭಾಗ ಮಾಡಿಕೊಳ್ಳೋದು, ಒಂದು ಸುತ್ತು ಬಂದರೆ ಸ್ಥಳ ಬದಲಾಯಿತು ಅಂತ ತಿಳಿಯೋದು. ಅದೇ ಗ್ರಂಥ ನಾಟ್ಯಮಂಟಪದ ಅಳತೆಯನ್ನೂ ಹೇಳುತ್ತದೆ. ಮಧ್ಯಮ ಗಾತ್ರದ್ದು 64 ಮೊಳ ಉದ್ದ, 32 ಮೊಳ ಅಗಲ. ನೋಡುವವರು, ರಂಗ, ನೇಪಥ್ಯ ಎಲ್ಲ ಅದರೊಳಗೇ. ಅದಕ್ಕಿಂತ ದೊಡ್ಡದು ಕಟ್ಟಬೇಡಿ, ಮಾತು ಕೇಳುವುದಿಲ್ಲ, ಮುಖದ ಭಾವ ಕಾಣುವುದಿಲ್ಲ ಅಂತ ಕಾರಣವನ್ನೂ ಕೊಡುತ್ತದೆ. ಅಷ್ಟು ಹಿಂದೆಯೇ ಗೊತ್ತಿದ್ದ ವಿಷಯ ಇದು! ಈಗಿನ ಆಯೋಜಕರಿಗೆ ಮಾತ್ರ ಗೊತ್ತಾಗುತ್ತಿಲ್ಲ.

ಈ ಭಾಗ ಇಷ್ಟವಾದರೆ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಕಳಿಸಿ. ನಮ್ಮ ಚಾನೆಲ್ ಬೆಳೆಯೋದೇ ನಿಮ್ಮಿಂದ.

ಈಚೆಗೆ ನಗರದ ಒಂದು ಸಭಾಂಗಣದಲ್ಲಿ ಅಭಿಮನ್ಯು ಕಾಳಗ ನೋಡಿದೆ. ಎಲ್ಲಿ ಅಂತ ಹೇಳೋದಿಲ್ಲ. ವೇದಿಕೆಯನ್ನು ಗೋಡೆಯಿಂದ ಗೋಡೆಗೆ ತೆರೆದಿಟ್ಟಿದ್ದರು. ಹಿಂದೆ ಎಲ್‌ಇಡಿ ಪರದೆ. "ಇಡೀ ಸ್ಟೇಜ್ ಬಳಸಿ" ಅಂತ ಕಲಾವಿದರಿಗೆ ಮೊದಲೇ ಹೇಳಿದ್ದರಂತೆ. ಪಾಪ, ಅಭಿಮನ್ಯು ಈ ಮೂಲೆಯಿಂದ ಆ ಮೂಲೆಗೆ ಓಡಿದ. ಕುಣಿಯಲಿಲ್ಲ, ಓಡಿದ. ಪ್ರತಿ ಧೀಂಗಿಣಕ್ಕೂ, ಅಂದರೆ ಗಿರಕಿ ಹೊಡೆಯುತ್ತಾ ಜಿಗಿಯುವುದಕ್ಕೂ, ಮುಂಚೆ ಕಣ್ಣಲ್ಲಿ ಜಾಗ ಅಳೆಯುತ್ತಿದ್ದ. ಭಾಗವತರು ಅವನ ಕಾಲು ಕಾಣದೆ ಕತ್ತು ಉದ್ದ ಮಾಡುತ್ತಿದ್ದರು. ಬಿಡ್ತಿಗೆ, ಅಂದರೆ ಕುಣಿತಕ್ಕೆ ಬಾರಿಸುವ ಚಂಡೆ-ಮದ್ದಳೆಯ ಪಟ್ಟು, ಮುಗಿದಾಗ ಅವನು ಬಂದು ನಿಲ್ಲಬೇಕಾದ ಜಾಗಕ್ಕೆ ಇನ್ನೂ ಎರಡು ಹೆಜ್ಜೆ ಬಾಕಿ. ಚಂಡೆ ನಿಂತಿತು, ಗೆಜ್ಜೆ ನಿಲ್ಲಲಿಲ್ಲ. ಅಷ್ಟು ಒಳ್ಳೆಯ ಹುಡುಗ, ಎಷ್ಟು ಬೇಜಾರಾಯಿತು ಗೊತ್ತಾ?

ಚಕ್ರವ್ಯೂಹ ಅಂದರೆ ಏನು ಸ್ವಾಮಿ? ಸಿಕ್ಕಿಹಾಕಿಕೊಳ್ಳೋದು. ಒಳಗೆ ಹೋಗಲು ಗೊತ್ತು, ಹೊರಗೆ ಬರಲು ಗೊತ್ತಿಲ್ಲ. ರಂಗಸ್ಥಳದಲ್ಲಿ ಅವನು ಒಂದೇ ಕಡೆ ಧೀಂಗಿಣದ ಮೇಲೆ ಧೀಂಗಿಣ ಹಾಕುವಾಗ, ಸುತ್ತು ಕಿರಿದಾಗುತ್ತಾ ಬರುವಾಗ, ನಮಗೇ ಉಸಿರು ಕಟ್ಟುತ್ತದೆ. ಅಷ್ಟಗಲ ಖಾಲಿ ಜಾಗ ಬಿಟ್ಟುಕೊಟ್ಟರೆ ಅವನು ಸಿಕ್ಕಿಬಿದ್ದಿದ್ದಾನೆ ಅಂತ ನಾನು ಹೇಗೆ ನಂಬಲಿ? ಪಕ್ಕದಿಂದ ನಡೆದು ಹೋಗಬಹುದಲ್ಲ!

ಈಗ ಕೆಲವರು ಕೇಳುತ್ತಾರೆ, ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಜನರ ನಡುವಿಂದ ಬರ್ತಾನಲ್ಲ, ಅವನಿಗೆ ಇಡೀ ಬಯಲೇ ಬೇಕಲ್ಲ ಅಂತ. ಬೇಕು. ಯಾಕೆ ಬೇಕು ಹೇಳಿ? ಸೂಟೆ ಪಂಜಿನ ಬೆಂಕಿ, ರಾಳದ ಪುಡಿ ಎರಚಿದಾಗ ಭಗ್ ಅಂತ ಏಳುವ ಜ್ವಾಲೆ, ಆ ಕೊಂಬು, ಆ ಆರ್ಭಟ. ಮಕ್ಕಳು ಅಮ್ಮನ ಸೆರಗಿಗೆ ಅಂಟಿಕೊಳ್ಳುತ್ತವೆ. ಅಷ್ಟೆಲ್ಲ ಆಗಿ ಅವನು ರಂಗಸ್ಥಳಕ್ಕೆ ಕಾಲಿಡುತ್ತಾನೆ ನೋಡಿ, ಆಗ ಆ ನಾಲ್ಕು ಕಂಬದ ನಡುವೆ ಅವನು ಹಿಡಿಯುವುದೇ ಇಲ್ಲ. ದೇವಿಗೆ ನಿಲ್ಲಲು ಜಾಗ ಉಳಿಯುತ್ತದೋ ಇಲ್ಲವೋ ಅನ್ನಿಸುತ್ತದೆ. ರಂಗಸ್ಥಳ ಸಣ್ಣದಿರುವುದರಿಂದಲೇ ರಾಕ್ಷಸ ದೊಡ್ಡವನಾದ. ಹಾಗಾಗಿ ಈ ಪ್ರಶ್ನೆ ನನ್ನ ಪರವೇ ಆಯಿತು.

ಇನ್ನೊಬ್ಬರದ್ದು, ಶಿವರಾಮ ಕಾರಂತರು ಪ್ರಯೋಗ ಮಾಡಲಿಲ್ವಾ ಅಂತ. ಮಾಡಿದರು. ಪಿಟೀಲು ತಂದರು, ಸ್ಯಾಕ್ಸೋಫೋನ್ ತಂದರು, ಮಾತು ಕಡಿಮೆ ಮಾಡಿದರು. ಅದಕ್ಕೂ ಮುಂಚೆ ವೇಷ, ತಾಳ, ಹೆಜ್ಜೆ, ರಾಗ ಒಂದೊಂದನ್ನೂ ಹುಡುಕಿ ಓಡಾಡಿದರು. ಯಕ್ಷಗಾನ ಬಯಲಾಟದ ಮೇಲೆ ಅವರು ಬರೆದ ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನೀವೂ ಅಷ್ಟು ಓಡಾಡಿ ಬನ್ನಿ, ಆಮೇಲೆ ಸ್ಟೇಜ್ ಅಗಲ ಮಾಡುವ ಮಾತಾಡೋಣ.

"ಹಿಂದೆ ಕೂತವರಿಗೆ ಕಾಣಲ್ಲ" ಅಂತಾರೆ. ಮುಂದೆ ಬಂದು ಕೂರಿ. ಚಾಪೆ ಹಾಕಿರುತ್ತಾರೆ.

"ಕಾಲ ಬದಲಾಗಿದೆ" ಅಂತಾರೆ. ಕಾಲ ಬದಲಾದರೆ ಕಾಲು ಬದಲಾಗುತ್ತದಾ? ಭಾಗವತರ ಪದ್ಯ ಬೆನ್ನಿಗೆ ತಾಗುವಷ್ಟು ಹತ್ತಿರ ಇರಬೇಕು. ಒಂದು ಸುತ್ತು ಬಂದರೆ ಮತ್ತೆ ಅವರ ಮುಂದೆ ಬಂದು ನಿಲ್ಲುವ ಹಾಗಿರಬೇಕು. ತಾಳಕ್ಕೂ ಹೆಜ್ಜೆಗೂ ನಡುವೆ ಬೇರೇನೂ ಬರಬಾರದು. ಇಷ್ಟು ಸರಳ ವಿಷಯ!

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ನೋಡಿದವರನ್ನು ಕೇಳಿ. 2012ರಲ್ಲಿ ಪದ್ಮಶ್ರೀ ಪಡೆದ ಕಲಾವಿದರು. ಆ ದಿನ ವೇದಿಕೆ ಎಷ್ಟು ಅಡಿ ಇತ್ತು ಅಂತ ಒಬ್ಬರಿಗಾದರೂ ನೆನಪಿದೆಯಾ? ಇಲ್ಲ. ಅವರ ಕಣ್ಣು ನೆನಪಿದೆ, ಕೈ ನೆನಪಿದೆ, ಆ ಗತ್ತು ನೆನಪಿದೆ.

ಇನ್ನೂ ಬೇಕಾ ಕಾರಣ? ನನಗೆ ಬೇಡ. ಸಣ್ಣ ಜಾಗ ಬೇಕು ಅಷ್ಟೇ. ಬೇಕು ಅಂದರೆ ಬೇಕು. ಆಯೋಜಕರೇ, ಸಭಾಂಗಣದಲ್ಲೇ ಆಟ ಆಡಿಸಿ, ಬೇಡ ಅನ್ನಲ್ಲ. ವೇದಿಕೆ ಮೇಲೆ ನಾಲ್ಕು ಕಂಬ ನಿಲ್ಲಿಸಿ, ತೋರಣ ಕಟ್ಟಿ, ಅದರೊಳಗೆ ಕುಣಿಯಲು ಬಿಡಿ. ಆ ಎಲ್‌ಇಡಿ ಪರದೆ ಆರಿಸಿ. ಖರ್ಚೂ ಉಳಿಯುತ್ತದೆ.

ಮುಂದಿನ ವಾರ ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ಮಂಡಿ ಕುಣಿತ. ಮೊಣಕಾಲ ಮೇಲೆ ಗಿರಗಿರ ತಿರುಗುವಾಗ ಕಲಾವಿದ ಎಷ್ಟು ಜಾಗ ತೆಗೆದುಕೊಳ್ಳುತ್ತಾನೆ ಅಂತ ಸೀಮೆಸುಣ್ಣದಲ್ಲಿ ಗೆರೆ ಹಾಕಿ ತೋರಿಸುತ್ತೇವೆ. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ನಿಮ್ಮೂರಲ್ಲಿ ಪತ್ತನಾಜೆಗೆ, ಅಂದರೆ ಮೇಳಗಳ ತಿರುಗಾಟ ಮುಗಿಯುವ ದಿನಕ್ಕೆ, ಮುಂಚೆ ಯಾವ ಮೇಳದ ಆಟ ಇದೆ ಅಂತ ಕೆಳಗೆ ಬರೆಯಿರಿ, ಕ್ಯಾಮೆರಾ ಹಿಡಿದು ಬರ್ತೇವೆ.