ಇಪ್ಪತ್ತೊಂದು ಸೋಲು, ಐವತ್ತು ಸಾವಿರ ಜನ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಬೇಸ್‌ಬಾಲ್ ಬಗ್ಗೆ. ತಡೀರಿ, ಈಗಲೇ ರೇಡಿಯೋ ಆರಿಸಬೇಡಿ. ಆಟ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಇದು ಆಡಿದವರಿಗಿಂತ ಜಾಸ್ತಿ ನೋಡಿದವರ ಕಥೆ. ತಂಡಕ್ಕೆ ರನ್ ಬರುವುದೇ ನಿಂತುಹೋದರೆ, ಅದನ್ನು ನಂಬಿಕೊಂಡ ಜನ ಏನು ಮಾಡುತ್ತಾರೆ? ನಿಮ್ಮ ಮನಸ್ಸಿಗೆ ಈಗ ಯಾವ ತಂಡ ಬಂತು ಅಂತ ನನಗೆ ಗೊತ್ತು. ಅದನ್ನು ಇವತ್ತೊಂದು ದಿನ ಪಕ್ಕಕ್ಕಿಡೋಣ. ನಾವು ಹೋಗಬೇಕಾದದ್ದು ಅಮೆರಿಕದ ಬಾಲ್ಟಿಮೋರ್ ನಗರಕ್ಕೆ, 1988ರ ಏಪ್ರಿಲ್ ತಿಂಗಳಿಗೆ.

ಮೊದಲು ಎರಡು ಮಾತಲ್ಲಿ ಆಟ ಹೇಳಿಬಿಡುತ್ತೇನೆ. ಬೇಸ್‌ಬಾಲ್‌ನಲ್ಲಿ ರನ್ ಸಿಗುವುದು ಕ್ರಿಕೆಟ್ಟಿನಷ್ಟು ಸುಲಭ ಅಲ್ಲ. ಮೈದಾನದಲ್ಲಿ ನಾಲ್ಕು ಮೂಲೆ, ಅವಕ್ಕೆ ಬೇಸ್ ಅಂತಾರೆ. ಚೆಂಡು ಹೊಡೆದು ಮೊದಲನೇ ಬೇಸ್ ಮುಟ್ಟಿದರೆ ಏನೂ ಸಿಗುವುದಿಲ್ಲ. ಎರಡು, ಮೂರು ದಾಟಿ, ಹೊರಟ ಮೂಲೆಗೇ ವಾಪಸ್ ಬಂದರೆ ಆಗ ಒಂದು ರನ್. ಚೆಂಡನ್ನು ಗೋಡೆಯಾಚೆ ಎತ್ತಿಹಾಕಿದರೆ, ಅಂದರೆ ಹೋಮ್ ರನ್ ಹೊಡೆದರೆ, ಒಬ್ಬನೇ ಸುತ್ತಿ ಬರಬಹುದು. ಉಳಿದಂತೆ ಒಬ್ಬ ಹೊಡೆದರೆ ಸಾಲದು. ಅವನ ಹಿಂದೆ ಬಂದವನೂ ಹೊಡೆಯಬೇಕು, ಅವನ ಹಿಂದಿನವನೂ ಹೊಡೆಯಬೇಕು. ಅದೂ ಮೂವರು ಔಟಾಗುವುದರೊಳಗೆ. ಮೂರನೇ ಔಟ್ ಬಿತ್ತೋ, ಬೇಸ್ ಮೇಲೆ ಕಾಯುತ್ತಾ ನಿಂತವರು ಬರಿಗೈಲಿ ವಾಪಸ್. ಇಂಥ ಇನಿಂಗ್ಸ್ ಒಂಬತ್ತು. ಒಂಬತ್ತೂ ಮುಗಿಯುವಾಗ ತಂಡವೊಂದು ನಾಲ್ಕೈದು ರನ್ ಮಾಡಿದ್ದರೆ ಅದು ಸರಿಯಾದ ಆಟ.

ಹಾಗಾಗಿ ಈ ಆಟದಲ್ಲಿ ರನ್ ಬರ ಅನ್ನುವುದು ವಿಚಿತ್ರವಾದದ್ದು. ಏಟು ಬೀಳುತ್ತಿರುತ್ತವೆ, ಆದರೆ ಒಂದರ ಹಿಂದೆ ಒಂದು ಬೀಳುವುದಿಲ್ಲ. ಎಂಟು ಏಟು ಎಂಟು ಇನಿಂಗ್ಸಿಗೆ ಹಂಚಿಹೋದರೆ ಕೊನೆಗೆ ಬೋರ್ಡಿನ ಮೇಲೆ ಸೊನ್ನೆ. 1968ರಲ್ಲಿ ಶಿಕಾಗೊ ಕಬ್ಸ್ ತಂಡ ಸತತವಾಗಿ 48 ಇನಿಂಗ್ಸ್ ಒಂದೇ ಒಂದು ರನ್ ಮಾಡಲಿಲ್ಲ. ಐದು ಪೂರ್ತಿ ಆಟ, ಮೇಲೆ ಮೂರು ಇನಿಂಗ್ಸ್! ಅದಕ್ಕೂ ಮೊದಲು 1906ರಲ್ಲಿ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಇಷ್ಟೇ ಉದ್ದದ ಬರ ಕಂಡಿತ್ತು. ಪಟ್ಟಿಯಲ್ಲಿ ಮೇಲಿರುವುದು ಇವೆರಡು ಹೆಸರು. ಆದರೆ ಜನರ ಬಾಯಲ್ಲಿ ಉಳಿದದ್ದು ಬಾಲ್ಟಿಮೋರ್‌ನ ಕಥೆ.

ಅಲ್ಲಿನ ತಂಡದ ಹೆಸರು ಓರಿಯೋಲ್ಸ್. ಏನೂ ಇಲ್ಲದ ತಂಡವಲ್ಲ. ಐದೇ ವರ್ಷದ ಹಿಂದೆ, 1983ರಲ್ಲಿ, ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಕಿರೀಟ ಗೆದ್ದಿತ್ತು. ಆ ಗೆಲುವಿನಲ್ಲಿದ್ದ ಎಡ್ಡಿ ಮರ‍್ರಿ, ಕ್ಯಾಲ್ ರಿಪ್ಕೆನ್ ಜೂನಿಯರ್ ಇಬ್ಬರೂ 1988ರಲ್ಲೂ ಇದ್ದರು. ಮುಂದೆ ಇಬ್ಬರ ಹೆಸರೂ ಆಟದ ಮಹಾನ್ ಆಟಗಾರರ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿತು. ಮ್ಯಾನೇಜರ್, ಅಂದರೆ ತಂಡವನ್ನು ಆಡಿಸುವವರು, ಕ್ಯಾಲ್ ಅವರ ಅಪ್ಪ, ಕ್ಯಾಲ್ ರಿಪ್ಕೆನ್ ಸೀನಿಯರ್. ತಮ್ಮ ಬಿಲ್ಲಿ ಕೂಡ ಅದೇ ತಂಡದಲ್ಲಿ. ಅಪ್ಪ, ಇಬ್ಬರು ಮಕ್ಕಳು, ಒಂದೇ ಸಮವಸ್ತ್ರ. ಊರಿಗೆ ಊರೇ ಅವರನ್ನು ಮನೆಯವರಂತೆ ಕಾಣುತ್ತಿತ್ತು.

ಏಪ್ರಿಲ್ 4, ಋತುವಿನ ಮೊದಲ ಆಟ. ಮೆಮೋರಿಯಲ್ ಸ್ಟೇಡಿಯಂ ತುಂಬಿತ್ತು. ಎದುರಾಳಿ ಮಿಲ್ವಾಕಿ ಬ್ರೂಯರ್ಸ್. ಫಲಿತಾಂಶ 12–0. ಹನ್ನೆರಡು ಅವರದ್ದು, ಸೊನ್ನೆ ನಮ್ಮದು. ನೋಡಿ, ಆಗಲೇ "ನಮ್ಮದು" ಅಂದೆ. ಈ ಕಥೆ ಹೇಳಲು ಕೂತರೆ ಬಾಲ್ಟಿಮೋರ್ ಕಡೆ ವಾಲದೆ ಇರುವುದು ಕಷ್ಟ.

ಆರು ಆಟ ಸೋತ ಕೂಡಲೇ ಸೀನಿಯರ್ ರಿಪ್ಕೆನ್ ಅವರನ್ನು ತೆಗೆದುಹಾಕಿದರು. ಋತು ಶುರುವಾದ ಮೇಲೆ ಅಷ್ಟು ಬೇಗ ಯಾವ ಮ್ಯಾನೇಜರನ್ನೂ ಅದುವರೆಗೆ ಕಳಿಸಿರಲಿಲ್ಲ. ಮೂವತ್ತು ವರ್ಷ ಆ ಸಂಸ್ಥೆಗೇ ದುಡಿದ ಮನುಷ್ಯ. ಹೊಡೆಯಬೇಕಾದವರು ಹೊಡೆಯಲಿಲ್ಲ, ಮನೆಗೆ ಹೋದದ್ದು ಅವರು. ಮಕ್ಕಳಿಬ್ಬರೂ ಆಮೇಲೂ ಅದೇ ಸಮವಸ್ತ್ರ ಹಾಕಿಕೊಂಡು ಆಡಬೇಕಾಯಿತು. ಇದರಲ್ಲಿ ನ್ಯಾಯ ಹುಡುಕಲು ನನಗಂತೂ ಆಗುವುದಿಲ್ಲ.

ಅವರ ಜಾಗಕ್ಕೆ ಬಂದವರು ಫ್ರಾಂಕ್ ರಾಬಿನ್ಸನ್. ಸಾಮಾನ್ಯರಲ್ಲ. 1966ರಲ್ಲಿ ಇದೇ ಓರಿಯೋಲ್ಸ್ ಪರವಾಗಿ ಬ್ಯಾಟಿಂಗ್‌ನ ಮೂರೂ ದೊಡ್ಡ ಪಟ್ಟಿಗಳಲ್ಲಿ ಮೊದಲು ನಿಂತು ಟ್ರಿಪಲ್ ಕ್ರೌನ್ ಪಡೆದವರು. 1975ರಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಮ್ಯಾನೇಜರ್ ಆಗಿ, ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗಾದ ಮೇಜರ್ ಲೀಗಿನ ಮೊದಲ ಕಪ್ಪು ಮ್ಯಾನೇಜರ್ ಅನ್ನಿಸಿಕೊಂಡವರು. ಅಂಥವರು ಬಂದರೂ ಹಣೆಬರಹ ಬದಲಾಗಲಿಲ್ಲ. ಏಳು ಸೋತರು, ಎಂಟು ಸೋತರು, ಹತ್ತು ಸೋತರು. ಋತುವಿನ ಆರಂಭದಲ್ಲಿ ಸತತವಾಗಿ ಸೋತ ದಾಖಲೆ ಅಲ್ಲಿಯವರೆಗೆ 13 ಆಟ. 1904ರ ವಾಷಿಂಗ್ಟನ್, 1920ರ ಡೆಟ್ರಾಯಿಟ್ ತಂಡಗಳದ್ದು. ಏಪ್ರಿಲ್ 20ರ ಹೊತ್ತಿಗೆ ಅದೂ ಮುರಿಯಿತು. ಸೋಲಿನ ಎಣಿಕೆ ಮುಂದುವರಿದು 21ಕ್ಕೆ ಬಂದು ನಿಂತಿತು.

ಸೋಲಿಗೆ ನೂರು ಕಾರಣ ಹೇಳಬಹುದು. ನನ್ನ ಲೆಕ್ಕದಲ್ಲಿ ಒಂದೇ ಅಂಕಿ ಸಾಕು. ಆ 21 ಆಟಗಳಲ್ಲಿ ಓರಿಯೋಲ್ಸ್ ಮಾಡಿದ ಒಟ್ಟು ರನ್ 44. ಎದುರಾಳಿಗಳದ್ದು 129. ಆಟಕ್ಕೆ ಎರಡೇ ಎರಡು ರನ್ ಅಂದುಕೊಳ್ಳಿ. ಆ ವರ್ಷ ಬೇರೆ ತಂಡಗಳು ಸರಾಸರಿ ನಾಲ್ಕು ದಾಟಿಸುತ್ತಿದ್ದವು. ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಚೆನ್ನಾಗಿ ಎಸೆದ ದಿನವೂ ಗೆಲ್ಲಲು ಬೇಕಾದ ರನ್ ಇರಲಿಲ್ಲ. ಹೊಡೆಯುವವರಿಗೆ ಒಂದು ಸಲ ಈ ಭಯ ಹತ್ತಿದರೆ ಬಿಡುವುದಿಲ್ಲ. ಪ್ರತಿಯೊಬ್ಬನೂ ಐದು ರನ್ನನ್ನು ತಾನೊಬ್ಬನೇ ತರುತ್ತೇನೆ ಅಂತ ಬ್ಯಾಟ್ ಬೀಸುತ್ತಾನೆ. ಸುಮ್ನೆ ಒಂದನೇ ಬೇಸ್‌ಗೆ ಹೋಗಿ ನಿಂತಿದ್ದರೆ ಸಾಕಾಗಿತ್ತು.

ಈಗ ಜನರ ವಿಷಯಕ್ಕೆ ಬರೋಣ. ಮೊದಮೊದಲು ಸಿಟ್ಟು. ಅದು ಸಹಜ ಅಲ್ವಾ? ಸೀನಿಯರ್ ರಿಪ್ಕೆನ್ ಅವರನ್ನು ತೆಗೆದದ್ದಕ್ಕಂತೂ ತುಂಬಾ ಜನಕ್ಕೆ ಬೇಜಾರಾಯಿತು. ಆದರೆ ಹತ್ತು ಸೋಲು ದಾಟಿದ ಮೇಲೆ ಏನೋ ಆಯಿತು. ಸಿಟ್ಟು ಮಾಡಿಕೊಳ್ಳಲೂ ಒಂದು ಮಿತಿ ಇರುತ್ತದೆ. ಆ ಮಿತಿ ದಾಟಿದಾಗ ಜನ ನಗಲು ಶುರುಮಾಡಿದರು. ಆ ನಗುವಿಗೆ ಮುಂದಾಳಾದವನು ನಮ್ಮ ಕಸುಬಿನವನೇ, ಒಬ್ಬ ರೇಡಿಯೋ ನಿರೂಪಕ.

ಅವನ ಹೆಸರು ಬಾಬ್ ರಿವರ್ಸ್. 98 ರಾಕ್ ಅನ್ನುವ ಬಾಲ್ಟಿಮೋರ್ ಕೇಂದ್ರದಲ್ಲಿ ಕೆಲಸ. ಏಪ್ರಿಲ್ ಮೂರನೇ ವಾರದಲ್ಲಿ ಅವನು ಮೈಕಿನ ಮುಂದೆ ಒಂದು ಶಪಥ ಮಾಡಿದ. ಓರಿಯೋಲ್ಸ್ ಒಂದು ಆಟ ಗೆಲ್ಲುವ ತನಕ ಪ್ರಸಾರ ಬಿಟ್ಟು ಏಳುವುದಿಲ್ಲ ಅಂದ. ಒಂದೆರಡು ದಿನದ ಮಾತು ಅಂದುಕೊಂಡಿರಬೇಕು ಪಾಪ. ಯಾವ ತಂಡ ತಾನೇ ಇನ್ನೂ ಎಷ್ಟು ಸೋಲಲು ಸಾಧ್ಯ? ಹಾಡು ಹಾಕಿ, ಆ ಹಾಡು ಮುಗಿಯುವಷ್ಟರಲ್ಲಿ ಒಂದು ಕೋಳಿನಿದ್ದೆ ತೆಗೆದು, ಮತ್ತೆ ಮೈಕಿಗೆ ಬರುವುದು. ತಂಡ ಸೋಲುತ್ತಲೇ ಹೋಯಿತು, ಇವನು ಕೂತಲ್ಲೇ ಕೂತ. ಮೈಕಿನ ಮುಂದೆ ಕೂತು ಗೊತ್ತಿರುವವರಿಗೆ ಇದರ ಕಷ್ಟ ಅರ್ಥವಾಗುತ್ತದೆ. ಒಂದು ಗಂಟೆ ಮಾತಾಡಿದರೆ ಗಂಟಲು ಒಣಗುತ್ತದೆ. ಅವನು ಕೂತದ್ದು 258 ಗಂಟೆ. ಹತ್ತು ದಿನಕ್ಕಿಂತ ಜಾಸ್ತಿ. ಆಮೇಲಾಮೇಲೆ ಜನಕ್ಕೆ ತಂಡದ ಚಿಂತೆಯ ಜೊತೆ ಇವನ ಚಿಂತೆಯೂ ಸೇರಿಕೊಂಡಿತು.

ತಂಡದ ಒಳಗೂ ಇದೇ ಗಾಳಿ. ಫ್ರಾಂಕ್ ರಾಬಿನ್ಸನ್ ಆಡುವಾಗ ಬಹಳ ಬಿಗಿ ಮನುಷ್ಯ ಅಂತ ಹೆಸರು. ಈಗ ಪತ್ರಕರ್ತರು ಬಂದಾಗ ಮೇಜಿನ ಡ್ರಾಯರ್ ಎಳೆದು ಒಂದು ಬ್ಯಾಡ್ಜ್ ತೋರಿಸುತ್ತಿದ್ದರು. ಇಷ್ಟು ಹೊತ್ತು ಚೆನ್ನಾಗಿತ್ತು, ಇನ್ನು ನಾನು ಕಿರುಚಬೇಕು ಅಂತ ಅದರಲ್ಲಿ ಬರೆದಿತ್ತು. ಅಧ್ಯಕ್ಷ ರೊನಾಲ್ಡ್ ರೇಗನ್ ಅವರೇ ಫೋನ್ ಮಾಡಿದರು. ರೇಗನ್ ಚಿಕ್ಕ ವಯಸ್ಸಿನಲ್ಲಿ ರೇಡಿಯೋದಲ್ಲಿ ಬೇಸ್‌ಬಾಲ್ ವೀಕ್ಷಕವಿವರಣೆ ಹೇಳುತ್ತಿದ್ದವರು, ಆಟ ಗೊತ್ತಿತ್ತು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ಅಂತ ಅವರು ಅಂದರೆ, ಇಲ್ಲ, ನಿಮಗೆ ಅರ್ಥವಾಗುವುದಿಲ್ಲ ಅಂತ ರಾಬಿನ್ಸನ್ ಮರ್ಯಾದೆಯಿಂದಲೇ ಹೇಳಿದರಂತೆ.

ಕೊನೆಗೆ ಏಪ್ರಿಲ್ 29. ಶಿಕಾಗೊದ ಕಮಿಸ್ಕಿ ಪಾರ್ಕ್, ಎದುರಾಳಿ ವೈಟ್ ಸಾಕ್ಸ್. ಮೊದಲನೇ ಇನಿಂಗ್ಸಿನಲ್ಲೇ ಎಡ್ಡಿ ಮರ‍್ರಿ ಹೋಮ್ ರನ್ ಹೊಡೆದರು. ಎರಡು ರನ್ ಬಂತು. ಇಷ್ಟು ದಿನ ಇಡೀ ಆಟದಲ್ಲಿ ಬರುತ್ತಿದ್ದಷ್ಟು ಒಂದೇ ಏಟಿಗೆ ಬಂದುಬಿಟ್ಟಿತು. ಕ್ಯಾಲ್ ರಿಪ್ಕೆನ್ ಕೂಡ ಒಂದು ಹೋಮ್ ರನ್ ಹಾಕಿದರು. ಓರಿಯೋಲ್ಸ್ 9, ವೈಟ್ ಸಾಕ್ಸ್ 0. ಬಾಬ್ ರಿವರ್ಸ್ ಮನೆಗೆ ಹೋಗಿ ಮಲಗಿದ.

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ತಂಡ ಮರುದಿನವೇ ಮತ್ತೆ ಸೋತಿತು, ಅದರ ಮರುದಿನವೂ ಸೋತಿತು. ಒಂದು ಗೆಲುವು, 23 ಸೋಲು. ಈ ಲೆಕ್ಕ ಹೊತ್ತುಕೊಂಡು ಓರಿಯೋಲ್ಸ್ ತಮ್ಮೂರಿಗೆ ವಾಪಸ್ ಬಂದರು. ಮೇ 2, ಸೋಮವಾರ ರಾತ್ರಿ. ಅಂದು ಮೆಮೋರಿಯಲ್ ಸ್ಟೇಡಿಯಮ್ಮಿಗೆ ಬಂದವರು 50,402 ಜನ.

ಈ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು. ವಾರದ ಮೊದಲ ದಿನ. ದೇಶದಲ್ಲೇ ಕೊನೆಯ ಸ್ಥಾನದ ತಂಡ. ಮೇ ತಿಂಗಳಲ್ಲೇ ಋತು ಮುಗಿದುಹೋಗಿದೆ ಅಂತ ಎಲ್ಲರಿಗೂ ಗೊತ್ತು. ಸುತ್ತ ಮನೆಗಳೇ ಇರುವ ಬಡಾವಣೆಯ ನಡುವಿನ ಆ ಹಳೆಯ ಮೈದಾನಕ್ಕೆ ಅರ್ಧ ಲಕ್ಷ ಜನ ದುಡ್ಡು ಕೊಟ್ಟು ಬಂದರು. ಆಟಗಾರರು ಹೊರಗೆ ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ರಾತ್ರಿ ಟೆಕ್ಸಸ್ ರೇಂಜರ್ಸ್ ವಿರುದ್ಧ ಓರಿಯೋಲ್ಸ್ 9–4ರಿಂದ ಗೆದ್ದಿತು.

ಇದನ್ನು ಜನರ ನಿಷ್ಠೆ ಅಂತ ಹೇಳಿ ಮುಗಿಸಬಹುದು, ಬಹಳ ಮಂದಿ ಹಾಗೇ ಮುಗಿಸುತ್ತಾರೆ. ನನಗೆ ಅದು ಅಷ್ಟು ಸರಳ ಅನ್ನಿಸುವುದಿಲ್ಲ. ನಾಲ್ಕು ವರ್ಷ ಹಿಂದಕ್ಕೆ ಹೋಗಿ ನೋಡಿ. ಬಾಲ್ಟಿಮೋರ್‌ಗೆ ಕೋಲ್ಟ್ಸ್ ಅಂತ ಒಂದು ಅಮೆರಿಕನ್ ಫುಟ್‌ಬಾಲ್ ತಂಡ ಇತ್ತು. ಅದೂ ಇದೇ ಮೈದಾನದಲ್ಲಿ ಆಡುತ್ತಿತ್ತು. 1984ರ ಮಾರ್ಚ್ ಕೊನೆಯ ಒಂದು ರಾತ್ರಿ, ಹಿಮ ಬೀಳುತ್ತಿದ್ದಾಗ, ಮಾಲೀಕ ರಾಬರ್ಟ್ ಇರ್ಸೆ ಲಾರಿಗಳನ್ನು ತರಿಸಿ ತಂಡದ ಸಾಮಾನನ್ನೆಲ್ಲ ತುಂಬಿಸಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿಬಿಟ್ಟರು. ಬೆಳಗ್ಗೆ ಎದ್ದು ನೋಡಿದರೆ ಊರಿನ ತಂಡ ಊರಲ್ಲಿಲ್ಲ. ಬಾಡಿಗೆ ಬಾಕಿ ಇಟ್ಟವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದ ಹಾಗೆ.

ಆ ಗಾಯ ಇನ್ನೂ ಹಸಿಯಾಗಿತ್ತು. ಓರಿಯೋಲ್ಸ್ ಮಾಲೀಕ ಎಡ್ವರ್ಡ್ ಬೆನೆಟ್ ವಿಲಿಯಮ್ಸ್ ವಾಷಿಂಗ್ಟನ್ನಿನ ದೊಡ್ಡ ವಕೀಲರು. 1979ರಲ್ಲಿ ತಂಡ ಕೊಂಡಾಗಿನಿಂದ ಅದನ್ನು ತಮ್ಮೂರಿಗೆ ಒಯ್ಯುತ್ತಾರೆ ಅನ್ನುವ ಗುಮಾನಿ ಜನರಲ್ಲಿತ್ತು. ಅಂಥ ಹೊತ್ತಲ್ಲಿ ತಂಡ 21 ಆಟ ಸೋತಿದೆ. ಗ್ಯಾಲರಿ ಖಾಲಿ ಬಿದ್ದರೆ ಹೊರಡಲು ನೆಪ ಸಿಕ್ಕಂತೆ. ಜನ ಬಂದದ್ದು ಪ್ರೀತಿಯಿಂದ ಹೌದು, ಆದರೆ ಹೆದರಿಕೆಯಿಂದಲೂ ಹೌದು. ಎರಡನ್ನೂ ಬೇರೆ ಮಾಡಲು ಹೋಗಬಾರದು.

ಮೇ 2ರ ರಾತ್ರಿಯೇ ಆ ಹೆದರಿಕೆಗೆ ಉತ್ತರ ಸಿಕ್ಕಿತು. ಹೊಸ ಮೈದಾನದಲ್ಲಿ ಆಡಲು ತಂಡ ಹದಿನೈದು ವರ್ಷದ ಕರಾರಿಗೆ ಒಪ್ಪಿದೆ ಅಂತ ಘೋಷಣೆಯಾಯಿತು. ಕೋಲ್ಟ್ಸ್ ಹೋದಾಗ ಊರಿನ ಮೇಯರ್ ಆಗಿದ್ದ ವಿಲಿಯಂ ಡೊನಾಲ್ಡ್ ಶೇಫರ್ ಈಗ ರಾಜ್ಯದ ಗವರ್ನರ್. ಇನ್ನೊಂದು ತಂಡವನ್ನು ಬಿಟ್ಟುಕೊಡಲು ಅವರು ತಯಾರಿರಲಿಲ್ಲ. ಆಗಲೇ ಕ್ಯಾನ್ಸರ್‌ನಿಂದ ನರಳುತ್ತಿದ್ದ ವಿಲಿಯಮ್ಸ್ ಅದೇ ಆಗಸ್ಟಿನಲ್ಲಿ ತೀರಿಕೊಂಡರು. 1992ರಲ್ಲಿ ಕ್ಯಾಮ್ಡನ್ ಯಾರ್ಡ್ಸ್ ಮೈದಾನ ತೆರೆಯಿತು. ಇವತ್ತಿಗೂ ಓರಿಯೋಲ್ಸ್ ಆಡುವುದು ಅಲ್ಲೇ.

1988ರ ಋತು ಮುಗಿದಾಗ 54 ಗೆಲುವು, 107 ಸೋಲು. ಮುಂದಿನ ವರ್ಷ "ಯಾಕಾಗಬಾರದು?" ಅನ್ನುವ ಘೋಷಣೆ ಇಟ್ಟುಕೊಂಡು ಇದೇ ತಂಡ 87 ಆಟ ಗೆದ್ದು, ಕೊನೆಯ ವಾರಾಂತ್ಯದ ತನಕ ಮೊದಲ ಸ್ಥಾನಕ್ಕೆ ಹೋರಾಡಿತು. ಇನ್ನು ಕ್ಯಾಲ್ ರಿಪ್ಕೆನ್. ಒಂದೂ ಆಟ ತಪ್ಪಿಸದೆ ಸತತ 2,632 ಆಟ ಆಡಿ ದಾಖಲೆ ಮಾಡಿದರಲ್ಲ, ಈ 21 ಸೋಲುಗಳೂ ಅದರೊಳಗೇ ಸೇರಿವೆ. ದಾಖಲೆಯನ್ನು ಹೊಗಳುವವರು ಇದನ್ನು ಜಾಸ್ತಿ ಹೇಳುವುದಿಲ್ಲ.

ಈಗ ಇನ್ನೊಂದು ಊರು ನೋಡಿ. 2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ ಕೂಡ ಸತತವಾಗಿ 21 ಆಟ ಸೋತಿತು. ಅದೇ ಅಂಕಿ. ರನ್ ಬರವೂ ಅಂಥದ್ದೇ, ಇಡೀ ಋತುವಿನ 162 ಆಟಗಳಲ್ಲಿ 507 ರನ್, ಅಂದರೆ ಆಟಕ್ಕೆ ಮೂರರ ಆಸುಪಾಸು. ಆದರೆ ಅಲ್ಲಿನ ಜನರ ಕೂಗು ಬೇರೆ. "ತಂಡ ಮಾರಿಬಿಡಿ, ತಂಡ ಮಾರಿಬಿಡಿ" ಅಂತ ಗ್ಯಾಲರಿಯಿಂದ ಒಕ್ಕೊರಲಿನ ಘೋಷಣೆ. ಅದು ಮಾಲೀಕ ಜೆರ‍್ರಿ ರೈನ್ಸ್‌ಡಾರ್ಫ್ ಅವರನ್ನು ಕುರಿತದ್ದು. ಅವರೂ ಹೊಸ ಮೈದಾನ ಬೇಕು ಅನ್ನುತ್ತಿದ್ದರು, ಅದಕ್ಕೆ ಸರ್ಕಾರದ ದುಡ್ಡು ಬೇಕು ಅನ್ನುತ್ತಿದ್ದರು. ಬಾಲ್ಟಿಮೋರ್ ಜನ ಸೋತ ತಂಡಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಿಕಾಗೊ ಜನ ಕೂಗಾಡಿದರು. ಅವರು ಒಳ್ಳೆಯ ಅಭಿಮಾನಿಗಳು, ಇವರು ಕೆಟ್ಟವರು ಅಂತ ನಾನು ಒಪ್ಪುವುದಿಲ್ಲ. ರನ್ ಬರದಿದ್ದರೆ ಜನ ಸಹಿಸುತ್ತಾರೆ. ಈ ತಂಡ ನಮ್ಮದು ಅಂತ ಅವರಿಗೆ ಅನ್ನಿಸುತ್ತಿದೆಯೋ ಇಲ್ಲವೋ, ಅದರ ಮೇಲೆ ಚಪ್ಪಾಳೆಯೋ ಕೂಗೋ ನಿರ್ಧಾರವಾಗುತ್ತದೆ.

ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ವೈಟ್ ಸಾಕ್ಸ್ 120 ಸೋಲು ಹೊತ್ತು ತಮ್ಮೂರಿಗೆ ಬಂದರು. ಇನ್ನೊಂದು ಸೋತರೆ ಆಧುನಿಕ ಬೇಸ್‌ಬಾಲ್‌ನಲ್ಲೇ ಅತಿ ಹೆಚ್ಚು ಸೋಲಿನ ದಾಖಲೆ. ಅದನ್ನು ಕಣ್ಣಾರೆ ನೋಡಬೇಕು ಅಂತಲೇ ಒಂದಷ್ಟು ಜನ ಟಿಕೆಟ್ ತೆಗೆದುಕೊಂಡು ಬಂದು ಕೂತರು. ತಂಡ ಏನು ಮಾಡಿತು ಗೊತ್ತಾ? ಲಾಸ್ ಏಂಜಲೀಸ್ ಏಂಜಲ್ಸ್ ವಿರುದ್ಧ ಮೂರಕ್ಕೆ ಮೂರೂ ಆಟ ಗೆದ್ದುಬಿಟ್ಟಿತು. 121ನೇ ಸೋಲು ಆದದ್ದು ಮರುದಿನ, ಡೆಟ್ರಾಯಿಟ್‌ನಲ್ಲಿ.

ನಮಸ್ಕಾರ.