ಹುಲ್ಲು ತಗ್ಗಿನಲ್ಲಿರಲಿ, ದಾರಿ ಎತ್ತರದಲ್ಲಿರಲಿ

ಕೇಳುಗರಿಗೆಲ್ಲ ನಮಸ್ಕಾರ.

ಜೋರು ಮಳೆ ಸುರಿಯುವಾಗ ನೀವು ಪಾರ್ಕಿನಲ್ಲಿ ನಿಂತು ನೋಡಿದ್ದೀರಾ? ಇಲ್ಲ ಅಲ್ವಾ? ಮೊದಲ ಹನಿ ಬಿದ್ದ ಕೂಡಲೇ ಎಲ್ಲರೂ ಮನೆ ಕಡೆ ಓಡುತ್ತಾರೆ. ನಾನು ಆಗಲೇ ಕೊಡೆ ಹಿಡಿದು ಪಾರ್ಕಿಗೆ ಹೊರಡುತ್ತೇನೆ. ನನ್ನ ಕೆಲಸ ಅಂಥದ್ದು. ಪಾರ್ಕು, ಆಟದ ಮೈದಾನಗಳಲ್ಲಿ ಮಳೆನೀರು ಯಾವ ದಾರಿ ಹಿಡಿಯುತ್ತದೆ, ಹೋಗುವಾಗ ಏನೇನು ಹೊತ್ತುಕೊಂಡು ಹೋಗುತ್ತದೆ ಅಂತ ನೋಡುವುದು.

ಇವತ್ತು ನಾನು ಹೇಳಬೇಕಾಗಿರುವುದು ಒಂದೇ ಮಾತು. ಪಾರ್ಕಿನಲ್ಲಿ ಹುಲ್ಲು ತಗ್ಗಿನಲ್ಲಿರಲಿ, ದಾರಿ ಎತ್ತರದಲ್ಲಿರಲಿ. ಇದನ್ನು ಇನ್ನೂ ಮೂರು ನಾಲ್ಕು ಸಲ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಪಾರ್ಕಿನ ನೀರಿನಲ್ಲಿ ಅಂಥ ಕೊಳೆ ಏನಿರುತ್ತದೆ ಅಂತ ಕೇಳುತ್ತೀರಿ. ಗೇಟಿನ ಪಕ್ಕ ವಾಹನ ನಿಲ್ಲಿಸುವ ಜಾಗ ನೋಡಿ. ಅಲ್ಲಿ ಇಂಜಿನ್ ಆಯಿಲ್ ತೊಟ್ಟಿಕ್ಕಿರುತ್ತದೆ. ಬ್ರೇಕು ಸವೆದು ಉದುರಿದ ಪುಡಿಯಲ್ಲಿ ತಾಮ್ರ ಇರುತ್ತದೆ, ಟೈರು ಸವೆದ ಪುಡಿಯಲ್ಲಿ ಸತು. ನಡೆಯುವ ದಾರಿಯ ಬದಿಯಲ್ಲಿ ನಾಯಿಗಳ ಗಲೀಜು. ಹುಲ್ಲಿಗೆ ಉದಾರವಾಗಿ ಎರಚಿದ ಗೊಬ್ಬರ ಬೇರೆ. ಬಿಸಿಲಿರುವಷ್ಟು ದಿನ ಇವೆಲ್ಲ ಸುಮ್ನೆ ಬಿದ್ದಿರುತ್ತವೆ. ಮಳೆ ಶುರುವಾದ ಮೇಲೆ ಮೊದಮೊದಲು ಹರಿಯುವ ನೀರು ಇದನ್ನೆಲ್ಲ ಬಳಿದುಕೊಂಡು ಹೋಗುತ್ತದೆ. ನೆಲ ಗುಡಿಸಿದ ಹಾಗೆ. ಅತಿ ಹೊಲಸು ನೀರು ಇದೇ.

ಅದು ಎಲ್ಲಿಗೆ ಹೋಗುತ್ತದೆ? ಮೋರಿಗೆ. ಮೋರಿಯಿಂದ? ಎಲ್ಲೋ ಶುದ್ಧ ಮಾಡುವ ಘಟಕಕ್ಕೆ ಹೋಗುತ್ತದೆ ಅಂತ ಜನ ನಂಬಿಕೊಂಡಿದ್ದಾರೆ. ಮಳೆನೀರಿಗೆ ಬೇರೆ ಮೋರಿ ಇರುವ ಕಡೆ ಅದು ನೇರವಾಗಿ ಕೆರೆಗೋ ಹೊಳೆಗೋ ಹೋಗಿ ಬೀಳುತ್ತದೆ. ಗೊಬ್ಬರ ತಿಂದು ಪಾಚಿ ಕೊಬ್ಬುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಖಾಲಿಯಾಗುತ್ತದೆ. ಮಾರನೇ ದಿನ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ.

ಎಷ್ಟು ನೀರು ಅಂತ ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಇದನ್ನು ಮಕ್ಕಳಿಗೂ ಹೇಳಿಕೊಡಿ, ಬಹಳ ಉಪಯೋಗಕ್ಕೆ ಬರುತ್ತದೆ. 1000 ಚದರ ಮೀಟರಿನ ಪಾರ್ಕಿಂಗ್ ಜಾಗ. 25 ಮಿಲಿಮೀಟರ್ ಮಳೆ. 25,000 ಲೀಟರ್ ಕೊಳೆ ನೀರು, ಒಂದೇ ಸಂಜೆಗೆ!

ಇದನ್ನು ಶುದ್ಧ ಮಾಡಲು ಯಂತ್ರ ಬೇಕಾಗಿಲ್ಲ, ಮಣ್ಣು ಸಾಕು. ಅಮೆರಿಕದ ಪಶ್ಚಿಮ ಕರಾವಳಿಯ ಹೊಳೆಗಳಲ್ಲಿ ಕೋಹೋ ಸಾಲ್ಮನ್ ಅಂತ ಒಂದು ಮೀನಿದೆ. ಸಮುದ್ರದಿಂದ ಹೊಳೆಗೆ ಹತ್ತಿ ಬಂದು ಮೊಟ್ಟೆ ಇಡುತ್ತದೆ. ಊರುಗಳ ಹತ್ತಿರದ ಹೊಳೆಗಳಲ್ಲಿ ಮಳೆ ಬಂದಾಗಲೆಲ್ಲ ಈ ಮೀನುಗಳು ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ಕಾರಣ ಗೊತ್ತಾಗಿದ್ದು 2020ರಲ್ಲಿ. ಟೈರು ಬಿರುಕು ಬಿಡದಿರಲಿ ಅಂತ ರಬ್ಬರಿಗೆ ಬೆರೆಸುವ ಒಂದು ರಾಸಾಯನಿಕ, ಓಝೋನ್ ಜೊತೆ ಸೇರಿ ವಿಷವಾಗಿ ಮಾರ್ಪಟ್ಟು, ರಸ್ತೆಯಿಂದ ಮಳೆನೀರಿನ ಜೊತೆ ಹೊಳೆ ಸೇರುತ್ತಿತ್ತು. ಆದರೆ ಅಲ್ಲಿನ ವಿಜ್ಞಾನಿಗಳು ವಿಷದ ಹೆಸರು ಗೊತ್ತಾಗುವುದಕ್ಕೆ ಮುಂಚೆಯೇ ಒಂದು ಕೆಲಸ ಮಾಡಿದ್ದರು. ಅದೇ ರಸ್ತೆ ನೀರನ್ನು ಮರಳು, ಕಾಂಪೋಸ್ಟ್ ಬೆರೆಸಿದ ಮಣ್ಣಿನಲ್ಲಿ ಸೋಸಿ, ಆ ನೀರಿಗೆ ಮೀನು ಬಿಟ್ಟು ನೋಡಿದ್ದರು. ಮೀನು ಬದುಕಿದವು. ಬರೀ ಮಣ್ಣು ಸ್ವಾಮಿ! ನನಗೆ ಇದನ್ನು ಹೇಳುವಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಮಣ್ಣು ಸೋಸಬೇಕಾದರೆ ನೀರು ಮಣ್ಣಿಗೆ ಹೋಗಬೇಕು. ನೀರು ಹೋಗುವುದು ತಗ್ಗಿಗೆ. ಪಾರ್ಕುಗಳಲ್ಲಿ ನಾವು ಮಾಡುವುದೇನು? ಲಾರಿಗಟ್ಟಲೆ ಮಣ್ಣು ತಂದು ಹುಲ್ಲುಹಾಸನ್ನು ದಿಣ್ಣೆ ಮಾಡುತ್ತೇವೆ. ಸುತ್ತ ಅಂಚಿನ ಕಲ್ಲು ನಿಲ್ಲಿಸುತ್ತೇವೆ. ಒಂದೊಂದು ಗಿಡಕ್ಕೂ ಪಾತಿ ಮಾಡುವ ಜಾಣ ಮಾಲಿ, ಇಡೀ ಹುಲ್ಲುಹಾಸಿನ ವಿಷಯ ಬಂದಾಗ ಪಾತಿ ಮರೆತು ಗುಡ್ಡ ಕಟ್ಟುತ್ತಾನೆ. ತಿರುಗಿಸಿ ಮಾಡಿ. ಹುಲ್ಲು ತಗ್ಗಿನಲ್ಲಿರಲಿ, ದಾರಿ ಎತ್ತರದಲ್ಲಿರಲಿ.

ಇದನ್ನು ನಾನು ಕಲಿತಿದ್ದು ಮರ್ಯಾದೆ ಕಳೆದುಕೊಂಡು. ಒಂದು ಪಾರ್ಕಿನ ಪಾರ್ಕಿಂಗ್ ಪಕ್ಕದಲ್ಲಿ ಮಳೆತೋಟ ಮಾಡಿಸಿದೆ. ಮಳೆತೋಟ ಅಂದರೆ ಗೇಣುದ್ದ ಆಳದ ಅಗಲವಾದ ಪಾತಿ. ಮರಳು ಬೆರೆಸಿದ ಮಣ್ಣು, ಮೇಲೆ ಮರದ ಚಕ್ಕೆಯ ಹೊದಿಕೆ, ಆಳಕ್ಕೆ ಬೇರು ಬಿಡುವ ಗಿಡಗಳು. ಪಾರ್ಕಿಂಗ್ ನೀರು ಒಳಗೆ ಬರಲಿ ಅಂತ ಅಂಚಿನ ಕಲ್ಲಿನ ನಡುವೆ ಒಂದು ಕಿಂಡಿ. ಕೆಲಸ ಮುಗಿದಾಗ ಎಷ್ಟು ಚೆಂದ ಇತ್ತು ಅಂದರೆ ಜನ ಫೋಟೋ ತೆಗೆದುಕೊಂಡರು. ನಾನೂ ಬೀಗಿದೆ.

ಮೊದಲ ಮಳೆ ಬಂತು. ಕೊಡೆ ಹಿಡಿದು ಹೋದೆ. ಕಪ್ಪನೆಯ ನೀರು ಪಾರ್ಕಿಂಗ್ ಇಳಿದು ಬಂತು. ಕಿಂಡಿಯ ಹತ್ತಿರ ಬಂತು. ಒಂದು ಗಳಿಗೆ ನಿಂತಿತು. ಆಮೇಲೆ ಪಕ್ಕಕ್ಕೆ ತಿರುಗಿ ಸರಸರನೆ ಮೋರಿಗೆ ಹೋಯಿತು. ಒಳಗೆ ಒಂದು ಹನಿ ಬರಲಿಲ್ಲ! ಬಗ್ಗಿ ನೋಡಿದರೆ, ಒಳಗಿನ ಮಣ್ಣು ಕಿಂಡಿಗಿಂತ ಮೂರು ಬೆರಳು ಎತ್ತರ.

ಮೇಸ್ತ್ರಿಯನ್ನು ಕರೆಸಿದೆ. "ಸಾರ್, ಹಳ್ಳ ಇದ್ದರೆ ನೋಡೋಕೆ ಚೆನ್ನಾಗಿರಲ್ಲ ಅಂತ ಒಂದು ಲೋಡ್ ಮಣ್ಣು ಜಾಸ್ತಿ ಹಾಕಿಸಿದೆ. ಅದಕ್ಕೆ ದುಡ್ಡೂ ಕೇಳಿಲ್ಲ" ಅಂದರು. ನಾನು ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಜೇಬಿನಿಂದ ನನ್ನ ನಕ್ಷೆ ತೆಗೆದು ಬಿಡಿಸಿದರು. "ಇದರಲ್ಲಿ ಗಿಡದ ಹೆಸರು ಅಷ್ಟೂ ಬರೆದಿದ್ದೀರಿ. ಕಿಂಡಿಯಿಂದ ಮಣ್ಣು ಎಷ್ಟು ಕೆಳಗಿರಬೇಕು ಅಂತ ಎಲ್ಲಿ ಬರೆದಿದ್ದೀರಿ, ತೋರಿಸಿ" ಅಂದರು. ಹುಡುಕಿದೆ. ಬರೆದಿರಲಿಲ್ಲ.

ಇಬ್ಬರೂ ಸೇರಿ ಮಣ್ಣು ತೆಗೆಸಿದೆವು. ರಸಮಟ್ಟ ಇಟ್ಟು ನೋಡಿ, ಕೊನೆಗೆ ಒಂದು ಬಕೆಟ್ ನೀರು ಸುರಿದು ಪರೀಕ್ಷೆ ಮಾಡಿದೆವು. ಮುಂದಿನ ಮಳೆಗೆ ನೀರು ಗಳಗಳ ಒಳಗೆ ಇಳಿಯಿತು. ಮುಗಿಯಿತು ಅಂದುಕೊಂಡಿರಾ? ಎರಡು ತಿಂಗಳು ಬಿಟ್ಟು ಹೋಗಿ ನೋಡಿದರೆ ಕಿಂಡಿಗೆ ಸಿಮೆಂಟ್ ಮೆತ್ತಿದ್ದಾರೆ! ನೀರು ನಿಂತರೆ ಸೊಳ್ಳೆ ಬರುತ್ತದಂತೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರದಷ್ಟು ಸಮಯ ಬೇಕು. ನಮ್ಮ ತೋಟದ ನೀರು ಒಂದು ದಿನದಲ್ಲಿ ಇಂಗುತ್ತಿತ್ತು. ಇದನ್ನು ಎಷ್ಟು ಹೇಳಿದರೂ ಯಾರೂ ಒಪ್ಪಲಿಲ್ಲ. ಆಗ ಆ ಮೇಸ್ತ್ರಿ, ನಾನು ಕೇಳದೆಯೇ, ಸುತ್ತಿಗೆ ತಂದು ಸಿಮೆಂಟ್ ಒಡೆದುಹಾಕಿದರು. ಮಳೆ ಬಂದ ಮಾರನೇ ದಿನ ಎಲ್ಲರನ್ನೂ ಕರೆದು, "ನೀರು ಎಲ್ಲಿದೆ, ತೋರಿಸಿ ನೋಡೋಣ" ಅಂದರು. ಇರಲಿಲ್ಲ. ಅವರ ಮುಖದ ಮೇಲಿನ ಖುಷಿ ನೋಡಬೇಕಿತ್ತು ನೀವು.

ಸ್ಟುಡಿಯೋ ಗಾಜಿನ ಆಚೆಯಿಂದ ಕೈ ಸನ್ನೆ ಮಾಡುತ್ತಿದ್ದಾರೆ, ಎರಡೇ ನಿಮಿಷ ಉಳಿದಿದೆ. ಬೇಗ ಬೇಗ ಹೇಳುತ್ತೇನೆ.

ಮಳೆ ಬರುವ ಲಕ್ಷಣ ಇದ್ದಾಗ ಗೊಬ್ಬರ ಹಾಕಬೇಡಿ, ಅದು ಹುಲ್ಲಿಗಲ್ಲ, ಕೆರೆಗೆ ಹಾಕಿದ ಹಾಗೆ. ಆಡಿ ಆಡಿ ಗಟ್ಟಿಯಾದ ಮೈದಾನ ಕಾಂಕ್ರೀಟಿನ ಹಾಗೇ ನೀರು ಓಡಿಸುತ್ತದೆ, ವರ್ಷಕ್ಕೊಮ್ಮೆ ಮೊಳೆಹಲ್ಲಿನ ಉರುಳೆಯಿಂದ ತೂತು ಹಾಕಿಸಿ ಸಡಿಲ ಮಾಡಿ. ಕಿಂಡಿಯ ಬಾಯಲ್ಲಿ ಹೂಳು ಕೂರುತ್ತದೆ, ಮಳೆಗಾಲಕ್ಕೆ ಮುಂಚೆ ಗುದ್ದಲಿಯಲ್ಲಿ ಎತ್ತಿಸಿ. ಕೆರೆಯ ಅಂಚಿನವರೆಗೂ ಹುಲ್ಲು ಬೋಳಿಸಬೇಡಿ, ಅಂಚಿನಿಂದ ಕೆಲವು ಮೀಟರ್ ಅಗಲದ ಪಟ್ಟಿಯಲ್ಲಿ ಅದನ್ನು ಎತ್ತರವಾಗಿ ಬೆಳೆಯಲು ಬಿಡಿ. ಕಾಡಿನ ಹಾಗೆ ಕಾಣುತ್ತದೆ ಅಂತ ದೂರು ಬರುತ್ತದೆ, ಬರಲಿ.

ಇದೆಲ್ಲ ಸಣ್ಣ ಪಾರ್ಕಿಗೆ ಸರಿ, ದೊಡ್ಡ ಮಳೆಗೆ ಏನು ಮಾಡುತ್ತೀರಿ ಅಂತ ಕೇಳುವವರಿದ್ದಾರೆ. ಅವರಿಗೆ ಡೆನ್ಮಾರ್ಕ್ ದೇಶದ ರಾಜಧಾನಿ ಕೋಪನ್‌ಹೇಗನ್ ಬಗ್ಗೆ ಹೇಳಬೇಕು. 2011ರ ಜುಲೈ 2ರಂದು ಅಲ್ಲಿ ಕೆಲವೇ ಗಂಟೆಗಳಲ್ಲಿ ಊರು ಮುಳುಗುವಂಥ ಮಳೆ ಸುರಿಯಿತು. ಆಮೇಲೆ ಅವರು ಎಂಗ್‌ಹೇವ್ ಅನ್ನುವ ಹಳೇ ಪಾರ್ಕಿನ ತಗ್ಗಿನ ಕಡೆಗೆ ಗಿಡ್ಡ ಗೋಡೆ ಕಟ್ಟಿ, ಆಟದ ಅಂಕಣವನ್ನೇ ಕೆಳಗಿಳಿಸಿ, 22,600 ಘನ ಮೀಟರ್ ನೀರು ಹಿಡಿಯುವ ಹಾಗೆ ಮಾಡಿದರು. ಬಿಸಿಲಿದ್ದಾಗ ಅಲ್ಲೇ ಮಕ್ಕಳು ಆಡುತ್ತಾರೆ. ನೋಡಿ, ಅಲ್ಲೂ ಅದೇ. ಆಡುವ ನೆಲ ತಗ್ಗಿನಲ್ಲಿ.

ನಾಯಿ ಕರೆದುಕೊಂಡು ಬರುವವರಿಗೆ ಎರಡು ಮಾತು ಹೇಳೋಣ ಅಂತಿದ್ದೆ, ಸಮಯ ಆಯಿತು. ಚೀಲ ತನ್ನಿ, ಅಷ್ಟೇ. ಮುಂದಿನ ಮಳೆಗೆ ಕೊಡೆ ಹಿಡಿದು ನಿಮ್ಮ ಪಾರ್ಕಿಗೆ ಹೋಗಿ ಹತ್ತು ನಿಮಿಷ ನಿಲ್ಲಿ. ನೀರು ಹುಲ್ಲಿನಿಂದ ದಾರಿಗೆ ಬರುತ್ತಿದ್ದರೆ ಮೇಸ್ತ್ರಿಗೆ ಫೋನ್ ಮಾಡಿ. ನಕ್ಷೆಯಲ್ಲಿ ಆಳ ಬರೆಯುವುದನ್ನು ಮರೆಯಬೇಡಿ. ನಮಸ್ಕಾರ.