ಮೂರನೆಯವಳು ಬಂದಳಾ?

ಎಲ್ಲರಿಗೂ ನಮಸ್ಕಾರ. ಕನ್ನಡ ಕೂಟದವರು ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಆಮೇಲೆ ಮಕ್ಕಳ ಕೋಲಾಟ ಇದೆ. ಆಗಲೇ ಬಣ್ಣದ ಲಂಗ ಹಾಕಿಕೊಂಡು ಬಾಗಿಲ ಹತ್ತಿರ ಓಡಾಡ್ತಾ ಇದ್ದಾರೆ, ನೋಡಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೋದ ವಾರ ಒಬ್ಬರ ಮನೆಯ ಊಟದಲ್ಲಿ ಒಂದು ಮಾತು ಬಂತು. "ಮಗಳು ಕಾಲೇಜಿನ ಸ್ಕೀ ತಂಡಕ್ಕೆ ಸೇರ್ತೀನಿ ಅಂತಿದ್ದಾಳೆ. ಮೊದಲನೇ ಸ್ಥಾನ ಅಂತೂ ಬರಲ್ಲ. ಮತ್ಯಾಕೆ ಅದು?" ಅಂದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾಲ್ಕು ವರ್ಷ ವರ್ಮಾಂಟಿನ ಗುಡ್ಡಗಳ ಮೇಲೆ ಮಗಳ ತಂಡದ ಹಿಂದೆ ತಿರುಗಿದವಳು ನಾನು. ಬೆಳಗ್ಗೆ ಎದ್ದವಳೇ ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ಈ ಸಲ ನಾನು ಮಾತಾಡ್ತೀನಿ ಅಂದೆ.

ಅಮೆರಿಕದ ಈ ನ್ಯೂ ಇಂಗ್ಲೆಂಡಿನಲ್ಲೇ ಇರುವ ನಿಮಗೆ ಹಿಮ ಅಂದರೇನು ಅಂತ ಹೇಳಬೇಕಾಗಿಲ್ಲ. ಮಗಳದು ಕ್ರಾಸ್ ಕಂಟ್ರಿ ಸ್ಕೀಯಿಂಗ್, ಅಂದರೆ ಕಾಲಿಗೆ ಉದ್ದನೆಯ ಸ್ಕೀ ಪಟ್ಟಿ ಕಟ್ಟಿಕೊಂಡು, ಕೋಲು ಊರಿ ಹಿಮದ ಮೇಲೆ ಓಡುವ ಆಟ. ಅದರ ಸೀಸನ್ ಹೇಗೆ ನಡೆಯುತ್ತದೆ ಅಂತ ಮಾತ್ರ ಹೇಳಿಬಿಡುತ್ತೇನೆ. ಜನವರಿಯಲ್ಲಿ ಶುರು. ವಾರಕ್ಕೊಂದು ಕಾಲೇಜು ತನ್ನ ಊರಲ್ಲಿ ಕೂಟ ನಡೆಸುತ್ತದೆ. ಅದಕ್ಕೆ ಕಾರ್ನಿವಲ್ ಅಂತ ಹೆಸರು. ಡಾರ್ಟ್‌ಮತ್ ಕಾಲೇಜಿನವರದು 1911ರಿಂದ ಬಂದದ್ದು. ಶುಕ್ರವಾರ ಒಂದು ಓಟ, ಶನಿವಾರ ಇನ್ನೊಂದು. ಒಂದು ದಿನ ಕ್ಲಾಸಿಕ್, ಅಂದರೆ ಹಿಮದಲ್ಲಿ ಕೊರೆದ ಎರಡು ಗೆರೆಗಳಲ್ಲಿ ಓಡುವುದು. ಇನ್ನೊಂದು ದಿನ ಸ್ಕೇಟಿಂಗ್, ಅಂದರೆ ಗೆರೆ ಬಿಟ್ಟು, ಕಾಲನ್ನು ಪಕ್ಕಕ್ಕೆ ಒದ್ದು ಜಾರುವುದು. ಮಾರ್ಚ್‌ನಲ್ಲಿ ಎನ್‌ಸಿಎಎ, ಅಂದರೆ ಕಾಲೇಜುಗಳ ರಾಷ್ಟ್ರಮಟ್ಟದ ಸ್ಪರ್ಧೆ, ಅಲ್ಲಿಗೆ ಮುಗೀತು. ಕೆಲವೇ ವಾರಗಳ ಆಟ. ಅದಕ್ಕೆ ತಯಾರಿ ಮಾತ್ರ ಮೇ ತಿಂಗಳಿಂದ. ಅಕ್ಟೋಬರ್‌ನಲ್ಲಿ ರಸ್ತೆ ಬದಿ ಕಾಲಿಗೆ ಗಾಲಿ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು ಹೋಗುವ ಮಕ್ಕಳನ್ನು ನೋಡಿದ್ದೀರಲ್ವಾ? ಅವರೇ ಇವರು.

ಈಗ ಮುಖ್ಯ ಮಾತು. ಕಾರ್ನಿವಲ್‌ನಲ್ಲಿ ಒಂದು ತಂಡದಿಂದ ಆರು ಹುಡುಗಿಯರು ಓಡುತ್ತಾರೆ. ಲೆಕ್ಕಕ್ಕೆ ಬರುವುದು ಮೊದಲು ಬಂದ ಮೂವರ ಅಂಕ. ಹಾಗಾದರೆ ತಂಡದ ಹಣೆಬರಹ ಯಾರ ಕೈಯಲ್ಲಿ? ಗೆದ್ದವಳ ಕೈಯಲ್ಲಿ ಅಲ್ಲ. ಗೆಲ್ಲುವವಳು ಪ್ರತಿ ವಾರ ಗೆಲ್ಲುತ್ತಲೇ ಇರುತ್ತಾಳೆ. ಮೂರನೆಯವಳ ಕೈಯಲ್ಲಿ! ಅವಳು ಇವತ್ತು ಹತ್ತನೆಯವಳೂ ಆಗಬಹುದು, ನಲವತ್ತನೆಯವಳೂ ಆಗಬಹುದು. ಅದಕ್ಕೇ ಕೋಚ್‌ಗಳು ಗಡಿಯಾರ ಹಿಡಿದು ಕಾಯುವುದು ಅವಳಿಗೆ. "ಮೂರನೆಯವಳು ಬಂದಳಾ?" ಈ ಪ್ರಶ್ನೆಯನ್ನು ನಾಲ್ಕು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇನೋ.

ನನ್ನ ಮಗಳು ಆ ಜಾಗದವಳು. ಮೂರು, ನಾಲ್ಕು, ಒಮ್ಮೊಮ್ಮೆ ಐದು.

ಅವಳ ಎರಡನೇ ವರ್ಷದ ಒಂದು ಶುಕ್ರವಾರ ಹೇಳಲೇಬೇಕು. ಕ್ಲಾಸಿಕ್ ಓಟ. ಥರ್ಮಾಮೀಟರ್ ಸರಿಯಾಗಿ ಸೊನ್ನೆಯಲ್ಲಿ ನಿಂತಿತ್ತು, ಮೇಲಿಂದ ಹಸಿ ಹಿಮ ಬೀಳ್ತಾ ಇತ್ತು. ಈ ಆಟದವರಿಗೆ ಇದಕ್ಕಿಂತ ಕಷ್ಟದ ಹವೆ ಇಲ್ಲ. ಯಾಕೆ ಅಂದರೆ, ಕ್ಲಾಸಿಕ್ ಸ್ಕೀ ನಡುವೆ ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿರುತ್ತದೆ. ಆ ಬಾಗಿದ ಜಾಗಕ್ಕೆ ಮಾತ್ರ ಅಂಟಿನಂಥ ವ್ಯಾಕ್ಸ್ ಹಚ್ಚುತ್ತಾರೆ. ಒಂದೇ ಕಾಲಿನ ಮೇಲೆ ಭಾರ ಹಾಕಿ ಒದ್ದಾಗ ಅದು ಹಿಮಕ್ಕೆ ತಾಗಿ ಹಿಡಿಯುತ್ತದೆ. ಜಾರುವಾಗ ಮೇಲೆದ್ದು ಬಿಟ್ಟುಕೊಡುತ್ತದೆ. ಹಿಡಿಯಬೇಕು, ಬಿಡಲೂ ಬೇಕು. ಸೊನ್ನೆ ಡಿಗ್ರಿಯಲ್ಲಿ ಬಿಸಿಲು ಬಿದ್ದ ಕಡೆ ಒಂದು ತರಹದ ಹಿಮ, ಮರದ ನೆರಳಲ್ಲಿ ಇನ್ನೊಂದು. ಯಾವ ವ್ಯಾಕ್ಸ್ ಹಚ್ಚುತ್ತೀರಿ?

ವ್ಯಾಕ್ಸ್ ಕೋಣೆಗೆ ಇಣುಕಿದೆ. ಇಸ್ತ್ರಿ ಪೆಟ್ಟಿಗೆಯ ಬಿಸಿ, ಕರಗಿದ ಮೇಣದ ವಾಸನೆ, ನೆಲದ ತುಂಬ ಕೆರೆದ ಮೇಣದ ಚೂರು, ತೆಂಗಿನ ತುರಿ ಚೆಲ್ಲಿದ ಹಾಗೆ. ಕೋಚ್ ಬೆಳಗ್ಗೆ ಐದರಿಂದ ಜೋಡಿ ಮೇಲೆ ಜೋಡಿ ಹಾಕಿಕೊಂಡು ಓಡಿ ನೋಡಿದ್ದರು. ಮುಖದಲ್ಲಿ ರಕ್ತ ಇರಲಿಲ್ಲ.

ಮೂವತ್ತು ಸೆಕೆಂಡಿಗೊಬ್ಬರಂತೆ ಬಿಟ್ಟರು. ನಾನು ದೊಡ್ಡ ಏರಿನ ತಲೆಯಲ್ಲಿ ನಿಂತಿದ್ದೆ. ಮಗಳು ತಿರುವಿನಲ್ಲಿ ಕಂಡಳು. ಓಡ್ತಾ ಇಲ್ಲ, ಕಾಲು ಎತ್ತಿ ಎತ್ತಿ ಇಡ್ತಾ ಇದ್ದಾಳೆ! ಸ್ಕೀ ಅಡಿಗೆ ಹಿಮ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ತೀರ್ಥಹಳ್ಳಿ ಕಡೆ ಹೂಟೆಯ ಗದ್ದೆಗೆ ಚಪ್ಪಲಿ ಹಾಕಿಕೊಂಡು ಇಳಿದವರಿಗೆ ಗೊತ್ತು, ನಾಲ್ಕು ಹೆಜ್ಜೆಗೆ ಚಪ್ಪಲಿಗೆ ಸೇರು ಕೆಸರು. ಹಾಗೇ. ಅವಳು ನಿಂತಳು. ಓಟದ ನಡುವೆ! ಒಂದು ಕಾಲು ಎತ್ತಿ ಕೋಲಿನಿಂದ ಗೀರಿದಳು. ಇನ್ನೊಂದು ಕಾಲು ಗೀರಿದಳು. ಇಬ್ಬರು ದಾಟಿ ಹೋದರು. ನನ್ನ ಕಡೆ ನೋಡಲೂ ಇಲ್ಲ, ಹಲ್ಲು ಕಚ್ಚಿ ಏರು ಹತ್ತಿದಳು. ಮುಂದಿನ ಸುತ್ತಿನಲ್ಲೂ ಅದೇ. ನನಗೆ "ಸಾಕು ಪುಟ್ಟಿ, ಬಿಡು" ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ. ಅನ್ನದೇ ಇದ್ದದ್ದಕ್ಕೆ ಇವತ್ತಿಗೂ ಸಮಾಧಾನ ಇದೆ.

ಇಪ್ಪತ್ತೇಳನೆಯವಳಾಗಿ ಬಂದಳು. ಗೆರೆ ದಾಟಿ ಹಿಮದ ಮೇಲೆ ಬಿದ್ದುಕೊಂಡಳು. ತಂಡದ ಬೇರೆಯವರೂ ಹೀಗೇ ಸಿಕ್ಕಿಬಿದ್ದಿದ್ದರು. ಅವತ್ತು ಮೂರನೆಯವಳು ಇವಳೇ. ಪಕ್ಕದ ಕಾಲೇಜಿಗಿಂತ ತಂಡ ನಾಲ್ಕು ಅಂಕ ಮುಂದಿತ್ತು, ಅಷ್ಟೇ. ಅವಳು ಇನ್ನೊಂದು ಸಲ ನಿಂತಿದ್ದರೆ ಆ ನಾಲ್ಕೂ ಹೋಗುತ್ತಿತ್ತು. ಗೆದ್ದ ಹುಡುಗಿಯ ಫೋಟೋ ಬಂತು. ಬರಲಿ. ಆದರೆ ರಾತ್ರಿ ವ್ಯಾನಿನಲ್ಲಿ ಎಲ್ಲರೂ ತಬ್ಬಿಕೊಂಡದ್ದು ಇಪ್ಪತ್ತೇಳನೆಯವಳನ್ನು.

ಎಳೆದುಬಿಟ್ಟೆ, ಅಲ್ವಾ? ಇನ್ನೆರಡು ಮಾತು ಹೇಳಲೇಬೇಕು.

ಒಂದು, ಹೆಣ್ಣುಮಕ್ಕಳ ಅಪ್ಪಅಮ್ಮಂದಿರಿಗೆ. ಎನ್‌ಸಿಎಎಯಲ್ಲಿ 1983ರಿಂದ ಹುಡುಗರ ಅಂಕ, ಹುಡುಗಿಯರ ಅಂಕ, ಗುಡ್ಡ ಇಳಿಯುವವರ ಅಂಕ, ಓಡುವವರ ಅಂಕ ಎಲ್ಲ ಒಂದೇ ಡಬ್ಬಿಗೆ. ತಂಡವೇ ಒಂದು. ದೂರ ಮಾತ್ರ ಬಹಳ ಕಾಲ ಬೇರೆ ಬೇರೆ ಇತ್ತು, ಹುಡುಗರಿಗೆ 10 ಮತ್ತು 20 ಕಿಲೋಮೀಟರ್, ಹುಡುಗಿಯರಿಗೆ 5 ಮತ್ತು 15. ಅಂತರರಾಷ್ಟ್ರೀಯ ಸ್ಕೀ ಸಂಸ್ಥೆ 2022ರಲ್ಲಿ ವಿಶ್ವಕಪ್ಪಿನಲ್ಲಿ ಇಬ್ಬರಿಗೂ ಒಂದೇ ದೂರ ಅಂತ ತೀರ್ಮಾನ ಮಾಡಿತು. ಬಹಳ ತಡವಾಗಿ ಬಂದ ನ್ಯಾಯ.

ಇದು ನಮ್ಮವರ ಆಟ ಅಲ್ಲ ಅನ್ನುವವರಿಗೆ ಇನ್ನೊಂದು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇದೇ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ, ಗುಲ್ಮಾರ್ಗಿನ ಖೇಲೋ ಇಂಡಿಯಾ ಕೂಟದಲ್ಲಿ, ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟಿದ್ದಾರೆ. ಕಾಫಿ ತೋಟದ ಊರಿನವರು! ನಾವು ಬಾಗಿಲು ತೆರೆದರೆ ಹಿಮ ಇರುವ ಊರಲ್ಲಿ ಕೂತಿದ್ದೇವೆ.

ಹಿಮ ಕಡಿಮೆಯಾಗುತ್ತಿರುವುದರ ಬಗ್ಗೆ ಬರೆದುಕೊಂಡು ಬಂದಿದ್ದೆ. ಜನವರಿಯಲ್ಲೇ ಮಳೆ ಬಂದು ಓಟದ ದಾರಿಯೆಲ್ಲ ಕರಗುತ್ತದೆ. ವರ್ಮಾಂಟಿನ ಕ್ರಾಫ್ಟ್ಸ್‌ಬರಿಯಲ್ಲಿ ಹಿಮವನ್ನು ರಾಶಿ ಹಾಕಿ, ಮೇಲೆ ಮರದ ಚೂರು ಹೊದಿಸಿ, ಬೇಸಿಗೆ ಪೂರ್ತಿ ಕಾಪಾಡಿ ತೋರಿಸಿದ್ದಾರೆ. ಅದನ್ನು ವಿವರವಾಗಿ ಹೇಳಲು ಹೊತ್ತಿಲ್ಲ. ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಬರ್ತೀನಿ, ಬರ್ತೀನಿ, ಒಂದೇ ನಿಮಿಷ.

ಇದು ನೋಡಿ, ದನದ ಕೊರಳಿನ ಗಂಟೆ. ಓಟ ನೋಡುವವರು ಇಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಕೈಗೆ ದಪ್ಪ ಗವಸು ಇರುತ್ತದಲ್ಲ, ಗಂಟೆ ಅಲ್ಲಾಡಿಸುತ್ತಾರೆ. ಎಲ್ಲರ ಹತ್ತಿರ ಅಂಗಡಿಯದು ಇದ್ದರೆ ನನ್ನ ಹತ್ತಿರ ನಮ್ಮ ಕೊಟ್ಟಿಗೆಯದು. ಗೌರಿ ಅನ್ನುವ ಹಸುವಿನದು. ನಾಲ್ಕು ವರ್ಷ ಇದನ್ನೇ ಬಾರಿಸಿದೆ. ಕಾಡಿನೊಳಗಿಂದಲೇ ಮಗಳಿಗೆ ಇದರ ಸದ್ದು ಬೇರೆ ಅಂತ ಗೊತ್ತಾಗುತ್ತಿತ್ತಂತೆ.

ಹೋದ ವಾರ ಕೇಳಿದ ಆ ತಾಯಿ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ತಗೊಳ್ಳಿ ಅಕ್ಕ, ಇದು ನಿಮ್ಮ ಹತ್ತಿರ ಇರಲಿ. ಜನವರಿಯಲ್ಲಿ ಮೊದಲ ಕಾರ್ನಿವಲ್‌ಗೆ ನಾನೂ ಬರ್ತೀನಿ. ಏರಿನ ತಲೆಯಲ್ಲಿ ನಿಂತುಕೊಳ್ಳೋಣ.